ಬ್ಲೋವರ್‌ಗೆ ‘ಊದು’ ಸಾಕಾ? ‘ಹೇಳಿ ಮಾಡಿಸಿದ’ ಅಂದ್ರೆ ಅರ್ಥ ಕೆಡುತ್ತಾ?

ಎಲ್ರಿಗೂ ನಮಸ್ಕಾರ. ಪೀಣ್ಯದಲ್ಲಿ ಕಾರ್ಖಾನೆಗಳಿಗೆ ಫ್ಯಾನು, ಬ್ಲೋವರ್ ಮಾಡಿಕೊಡೋ ಒಂದು ಸಣ್ಣ ವರ್ಕ್‌ಶಾಪಿಗೆ ಕನ್ನಡದಲ್ಲಿ ಕೈಪಿಡಿ ಬರೀತಿದೀನಿ, ಮಷೀನ್ ನಡೆಸೋ ಹುಡುಗರು ಓದೋಕೆ ಅಂತ. ಎರಡು ಕಡೆ ಸಿಕ್ಕಾಕೊಂಡಿದೀನಿ.

ಮೊದಲನೇದು ‘ಕಸ್ಟಮ್’. ಇವರ ಹತ್ರ ರೆಡಿ ಮಾಲು ಕಮ್ಮಿ, ಗಿರಾಕಿ ಬಂದು ಗಂಟೆಗೆ ಎಷ್ಟು ಘನಮೀಟರ್ ಗಾಳಿ ಬೇಕು, ಪ್ರೆಶರ್ ಎಷ್ಟು ಮಿಲಿಮೀಟರ್ ನೀರು (ಅಂದ್ರೆ ಎಷ್ಟು ಎತ್ತರಕ್ಕೆ ನೀರು ಎತ್ತಿಹಿಡಿಯೋವಷ್ಟು ಒತ್ತಡ), ಗಾಳಿ ಎಷ್ಟು ಬಿಸಿ, ಅದರಲ್ಲಿ ಧೂಳಿದೆಯಾ ಆಸಿಡ್ ಹೊಗೆ ಇದೆಯಾ ಅಂತೆಲ್ಲ ಹೇಳಿದ ಮೇಲೇನೇ ಶೀಟ್ ಕತ್ತರಿಸೋದು. ಸರಿ, ‘ಹೇಳಿ ಮಾಡಿಸಿದ’ ಅಂತ ಖುಷಿಯಾಗಿ ಟೈಪ್ ಮಾಡಿದೆ. ಓದಿದವರೊಬ್ರು ‘ಏನ್ ಸಾರ್, ಜಾಹೀರಾತಾ’ ಅಂದ್ರು. ಯಾಕಂದ್ರೆ ‘ನಿಮ್ಮ ಬಾಯ್ಲರ್‌ಗೆ ಹೇಳಿ ಮಾಡಿಸಿದ ಫ್ಯಾನು’ ಅಂದ್ರೆ ಚೆನ್ನಾಗಿ ಹೊಂದೋ ಫ್ಯಾನು ಅಂತಷ್ಟೇ ಕೇಳುತ್ತೆ, ಜೋಡಿ ಹೇಳಿ ಮಾಡಿಸಿದಂಗಿದೆ ಅಂತೀವಲ್ಲ ಹಂಗೆ, ಅಲ್ಲಿ ಯಾರೂ ಹೇಳಿರಲ್ಲ ಮಾಡಿಸಿರಲ್ಲ. ವರ್ಕ್‌ಶಾಪಲ್ಲಿ ‘ಆರ್ಡರ್ ಮಾಲು’ ಅಂತಾರೆ, ನನಗೆ ಅದೇ ವಾಸಿ ಅನ್ಸುತ್ತೆ.

ಎರಡನೇದೇ ತಲೆನೋವು. ಫ್ಯಾನು ಬೇರೆ, ಬ್ಲೋವರ್ ಬೇರೆ. ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರ್‌ಗಳ ಸಂಸ್ಥೆಯ ಲೆಕ್ಕದಲ್ಲಿ ಹೊರಬರೋ ಒತ್ತಡ ಒಳಹೋಗೋ ಒತ್ತಡದ 1.11 ಪಟ್ಟಿನವರೆಗೆ ಇದ್ರೆ ಫ್ಯಾನು, ಅಲ್ಲಿಂದ 1.20ರವರೆಗೆ ಬ್ಲೋವರ್, ಅದಕ್ಕೂ ಮೇಲೆ ಕಂಪ್ರೆಸರ್. ವರ್ಕ್‌ಶಾಪಲ್ಲಿ ಯಾರೂ ಇದನ್ನ ನೋಡಲ್ಲ ಬಿಡಿ, ಬಸವನಹುಳದ ಚಿಪ್ಪಿನಂಥ ಡಬ್ಬಿ ಇದ್ರೆ ಅದು ಬ್ಲೋವರ್, ರೆಕ್ಕೆ ಬರಿಗಣ್ಣಿಗೆ ಕಂಡ್ರೆ ಫ್ಯಾನು! ಆದ್ರೆ ಕನ್ನಡದ ಕ್ರಿಯಾಪದಗಳೇ ಈ ವ್ಯತ್ಯಾಸ ಮೊದಲೇ ಇಟ್ಕೊಂಡಿವೆ. ಬೀಸೋದು ಅಂದ್ರೆ ಹರವಾಗಿ, ಹೆಚ್ಚು ಗಾಳಿ ಕಮ್ಮಿ ಬಲ, ಬೀಸಣಿಗೆ ಥರ. ಊದೋದು ಅಂದ್ರೆ ಸಣ್ಣ ಬಾಯಿಂದ ಒತ್ತಿ, ಒಲೆ ಮುಂದಿನ ಊದುಗೊಳವೆ ಥರ. ಸ್ಕೂಲಲ್ಲಿ ಓದಿದ ‘ಊದುಕುಲುಮೆ’ನೂ ಇದೇ ಕುಲದ್ದು, 1923ರಲ್ಲಿ ಶುರುವಾದ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ಇದ್ದಿದ್ದು ಅದೇ. ನಮ್ಮೂರ ಕಮ್ಮಾರರ ಮನೆಯಲ್ಲಂತೂ ಚರ್ಮದ ತಿದಿ ಹೋಗಿ ಕೈಲಿ ತಿರುಗಿಸೋ ಬ್ಲೋವರ್ ಬಂದ ಮೇಲೂ ‘ತಿದಿ ಒತ್ತೋ’ ಅಂತಾನೇ ಕೂಗ್ತಿದ್ರು, ನಾವು ಹ್ಯಾಂಡಲ್ ತಿರುಗಿಸ್ತಿದ್ವಿ.

ಹಂಗಾದ್ರೆ ‘ಬೀಸುಗ’, ‘ಊದುಗ’ ಅಂತ ಮಾಡಿಬಿಡೋಣ ಅನ್ನೋಷ್ಟರಲ್ಲಿ ಬಾಯ್ಲರ್ ಅಡ್ಡ ಬಂತು. ಅಲ್ಲಿ ಒಂದು ಫ್ಯಾನು ಉರಿಗೆ ಗಾಳಿ ತಳ್ಳುತ್ತೆ, ಇನ್ನೊಂದು ಚಿಮಣಿ ಕಡೆಗೆ ಹೊಗೆ ಎಳೆಯುತ್ತೆ. ಎರಡೂ ಒಳಗೆ ಒಂದೇ ಥರ, ಒಂದು ಬಾಯಲ್ಲಿ ಹೀರಿ ಇನ್ನೊಂದರಲ್ಲಿ ಉಗುಳೋದು. ಹೊಗೆ ಎಳೆಯೋದನ್ನ ‘ಊದುಗ’ ಅಂದ್ರೆ ಆಪರೇಟರ್ ನಕ್ಕುಬಿಡ್ತಾನೆ. ಅದಕ್ಕೆ ನನಗನ್ಸೋದು, ಹೆಸರು ಬ್ಲೋವರ್ ಅಂತಾನೇ ಇರಲಿ, ಕೆಲಸಕ್ಕೆ ತಕ್ಕಂತೆ ‘ತಳ್ಳೋ ಬ್ಲೋವರ್’, ‘ಎಳೆಯೋ ಬ್ಲೋವರ್’ ಅಂದ್ರೆ ಮುಗೀತು. ಹೊಸ ನಾಮಪದ ಕಟ್ಟೋ ಚಟ ನಮಗೆ ಸ್ವಲ್ಪ ಜಾಸ್ತಿನೇ.

ಇನ್ನೊಂದು ವಾಕ್ಯದ ಮೇಲೂ ನಿಮ್ಮ ಕಣ್ಣು ಬೇಕು. ತ್ರೀಫೇಸ್ ವೈರ್ ಅದಲುಬದಲಾಗಿ ಮೋಟರ್ ಉಲ್ಟಾ ತಿರುಗಿದ್ರೆ ಗೋಡೆ ಫ್ಯಾನು ಗಾಳೀನೂ ಉಲ್ಟಾ ಮಾಡುತ್ತೆ, ಗೊತ್ತಾಗಿಬಿಡುತ್ತೆ. ಚಿಪ್ಪಿನ ಬ್ಲೋವರ್ ಹಂಗಲ್ಲ, ಗಾಳಿ ಅದೇ ಬಾಯಿಂದಾನೇ ಬರುತ್ತೆ, ತುಂಬಾ ಕಮ್ಮಿ ಬರುತ್ತೆ ಅಷ್ಟೆ. ಹುಡುಗರು ‘ಗಾಳಿ ಸಾಲ್ತಿಲ್ಲ’ ಅಂತ ಪುಲ್ಲಿ ಬದಲಾಯಿಸಿ ಸ್ಪೀಡ್ ಏರಿಸ್ತಾರೆ, 10% ಸ್ಪೀಡಿಗೆ ಮೋಟರ್ ಮೇಲಿನ ಲೋಡ್ ಸುಮಾರು 33% ಏರುತ್ತೆ, ಮೋಟರ್ ಸುಟ್ಟೋಗುತ್ತೆ. ಅದಕ್ಕೆ ‘ಗಾಳಿ ಬರ್ತಿದೆ ಅಂದ ಮಾತ್ರಕ್ಕೆ ಸರಿಯಾಗಿ ತಿರುಗ್ತಿದೆ ಅಂತಲ್ಲ, ಬಾಣದ ಗುರುತು ನೋಡು’ ಅಂತ ಬರೆದಿದೀನಿ. ‘ನೋಡು’ ಏಕವಚನ ಒರಟಾಯ್ತಾ, ‘ನೋಡಿ’ ಮಾಡ್ಲಾ?

ರೈಸ್‌ಮಿಲ್ ಕಡೆಯವರು ಯಾರಾದ್ರೂ ಇದ್ರೆ ಹೇಳಿ, ಹೊಟ್ಟು ಹಾರಿಸೋ ಬ್ಲೋವರ್‌ಗೆ ನಿಮ್ಮಲ್ಲಿ ‘ತೂರೋದು’ ಅಂತಾರಾ, ಇಲ್ಲ ರಾಶಿಯ ಕಣದಲ್ಲಿ ಮಾತ್ರಾನಾ ಆ ಮಾತು?