18446744073709551615: ಇದನ್ನು ಕೈಲೆಕ್ಕದಲ್ಲಿ ಒಡೆಯಬಹುದಾ?

ಕೇಳಿದವರು: ಅಕ್ಕಿಕಾಳು

ಚದುರಂಗದ ಮೊದಲ ಮನೆಗೆ ಒಂದು ಕಾಳು, ಆಮೇಲೆ ಪ್ರತಿ ಮನೆಗೂ ಹಿಂದಿನದರ ಎರಡರಷ್ಟು. 64 ಮನೆಗೆ ಒಟ್ಟು 2⁶⁴ − 1, ಅಂದರೆ 1,84,46,74,40,73,70,95,51,615 ಕಾಳು. ಕೊನೆಯಲ್ಲಿ 5 ಇದೆ, ಹಾಗಾಗಿ 5ರಿಂದ ಭಾಗವಾಗುತ್ತದೆ. ಅಂಕಿಗಳ ಮೊತ್ತ 87, ಹಾಗಾಗಿ 3ರಿಂದಲೂ. ಮುಂದೆ ದಾರಿ ಕಾಣುತ್ತಿಲ್ಲ. ಕಂಪ್ಯೂಟರ್ ಉತ್ತರ ಬೇಡ, ದಯವಿಟ್ಟು.

ಉತ್ತರ: ಲೆಕ್ಕದ ಮೇಷ್ಟ್ರು

ಅಂಕಿಗಳನ್ನು ನೋಡುತ್ತಾ ಕೂತರೆ ಏನೂ ಸಿಗುವುದಿಲ್ಲ. 2⁶⁴ − 1 ಅಂತಲೇ ಇಟ್ಟುಕೊಳ್ಳಿ. ಹೈಸ್ಕೂಲಿನ ಎ ವರ್ಗ ಮೈನಸ್ ಬಿ ವರ್ಗ ನೆನಪಿದೆ ಅಲ್ವಾ? ಅದೊಂದೇ ಸಾಕು.

2⁶⁴ − 1 = (2³² + 1)(2³² − 1). ಎರಡನೆಯದನ್ನು ಮತ್ತೆ ಹಾಗೇ ಒಡೆಯಿರಿ. ಒಡೆಯುತ್ತಾ ಹೋದರೆ ಕೊನೆಗೆ ಉಳಿಯುವುದು:

3 × 5 × 17 × 257 × 65537 × 4294967297

ಇವೆಲ್ಲ ಫರ್ಮಾ ಸಂಖ್ಯೆಗಳು: 2, ಅದರ ವರ್ಗ 4, ಅದರ ವರ್ಗ 16, ಹೀಗೆ ಬರುವ ಪ್ರತಿಯೊಂದಕ್ಕೂ 1 ಕೂಡಿಸಿದವು. ಮೊದಲ ಐದೂ ಅವಿಭಾಜ್ಯ. ಈ ಸಾಲಿನಲ್ಲಿ ಮುಂದೆ ಬರುವುದೆಲ್ಲ ಅವಿಭಾಜ್ಯವೇ ಅಂತ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಆರನೆಯದನ್ನೇ ಒಡೆದರು: 641 × 6700417.

ಆಯ್ಲರ್ ಸುಮ್ನೆ ಭಾಗಿಸುತ್ತಾ ಹೋಗಬೇಕಿರಲಿಲ್ಲ. 2³² + 1ರ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಹಾಗಾಗಿ ನೋಡಬೇಕಾದವು 193, 257, 449, 577, 641 ಅಷ್ಟೇ.

ಉತ್ತರ: ಬಿಟ್ಟುಬಿಡದ ಬಿಟ್

ನಮ್ಮ ಕೋಡಿನಲ್ಲಿ ಇದು ದಿನಾ ಸಿಗುವ ಸಂಖ್ಯೆ. ಮೈನಸ್ ಇಲ್ಲದ 64 ಬಿಟ್‌ ಪೂರ್ಣಾಂಕದ ಗರಿಷ್ಠ ಬೆಲೆ ಇದೇ. ಇನ್ನೊಂದು ಕೂಡಿಸಿದರೆ ಸೊನ್ನೆಗೆ ವಾಪಸ್.

ಅಕ್ಕಿಕಾಳು

ಮೇಷ್ಟ್ರೇ, ಆ ದೊಡ್ಡ ಭಾಗಾಕಾರವನ್ನೂ ಮಾಡದೆ 641 ಅಂತ ತೋರಿಸಬಹುದಾ? ಮತ್ತೆ, ಒಂದೇ ಅಪವರ್ತನ ಎರಡು ಸಲ ಯಾಕೆ ಬಂದಿಲ್ಲ?

ಲೆಕ್ಕದ ಮೇಷ್ಟ್ರು

ತೋರಿಸಬಹುದು, ನನಗೆ ಬಹಳ ಇಷ್ಟದ ಭಾಗ ಇದೇ. 641 ಅಂದರೆ 5 × 2⁷ + 1. ಅದೇ 641 ಅಂದರೆ 5⁴ + 2⁴ ಕೂಡ. ಈಗ 641ರಿಂದ ಭಾಗಿಸಿದ ಶೇಷಗಳನ್ನು ಮಾತ್ರ ನೋಡಿ. 5 × 2⁷ ಅಂದರೆ −1 (641ಕ್ಕೆ ಒಂದು ಕಡಿಮೆ). ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ ಅಂದರೆ 1. 5⁴ ಇದ್ದಲ್ಲಿ −2⁴ ಹಾಕಿ. −2³² ಅಂದರೆ 1 ಆಯಿತು. ಅಂದಮೇಲೆ 2³² + 1ಕ್ಕೆ ಶೇಷ ಸೊನ್ನೆ. ಪೆನ್ನೂ ಬೇಕಾಗಿಲ್ಲ!

ಎರಡನೇ ಪ್ರಶ್ನೆ ಸುಲಭ. ಯಾವುದೇ ಫರ್ಮಾ ಸಂಖ್ಯೆಯಿಂದ 2 ಕಳೆದರೆ ಅದರ ಹಿಂದಿನವುಗಳ ಗುಣಲಬ್ಧ ಬರುತ್ತದೆ. 3 × 5 × 17 = 255, 257 − 2 ತಾನೇ? ಎರಡಕ್ಕೆ ಒಂದೇ ಅಪವರ್ತನ ಇದ್ದರೆ ಅದು 2ನ್ನೂ ಭಾಗಿಸಬೇಕು. ಎಲ್ಲ ಬೆಸ ಸಂಖ್ಯೆಗಳು, ಸಾಧ್ಯವಿಲ್ಲ. ಹಾಗಾಗಿ ಏಳೂ ಅವಿಭಾಜ್ಯಗಳು (ಮೊದಲ ಐದು, ಆಯ್ಲರ್ ಒಡೆದ ಎರಡು) ಬೇರೆ ಬೇರೆ, ಒಟ್ಟು ಭಾಜಕಗಳು 2⁷ = 128. ಅವುಗಳಲ್ಲಿ 4294967295 ವಿಶೇಷದ್ದು. ಬರೀ ಸ್ಕೇಲು, ಕೈವಾರದಿಂದ ರಚಿಸಬಹುದು ಅಂತ ಗೊತ್ತಿರುವ, ಬೆಸ ಬಾಹುಗಳ ಸಮ ಬಹುಭುಜಗಳಲ್ಲಿ ಅತಿ ದೊಡ್ಡದಕ್ಕೆ ಅಷ್ಟು ಬಾಹುಗಳು. ಯಾರೂ ಎಳೆಯಲು ಹೋಗಬೇಡಿ.

ಅಕ್ಕಿಕಾಳು

ನಮ್ಮ ಸಂಖ್ಯೆಗೆ 2 ಕೂಡಿಸಿದರೆ ಮುಂದಿನ ಫರ್ಮಾ ಸಂಖ್ಯೆ ಬರಬೇಕಲ್ಲ? ಅದೂ ಒಡೆಯುತ್ತದಾ?

ಲೆಕ್ಕದ ಮೇಷ್ಟ್ರು

ಒಡೆಯುತ್ತದೆ, ಆದರೆ ಅಷ್ಟು ಸಲೀಸಾಗಿ ಅಲ್ಲ. 274177 × 67280421310721. ಲ್ಯಾಂಡ್ರಿ ಅನ್ನುವವರು ಇದನ್ನು ಕಂಡುಕೊಂಡಿದ್ದು 1880ರಲ್ಲಿ, ಆಯ್ಲರ್ ಆದ 148 ವರ್ಷಕ್ಕೆ.