ಸಹಾಯ ಬೇಕು: 2008ರ ಅಣು ಒಪ್ಪಂದ ಮತ್ತು ನಮ್ಮ ಸಂಸತ್ತು

ನಮಸ್ಕಾರ. ಭಾರತ-ಅಮೆರಿಕ ಅಣು ಒಪ್ಪಂದದ (ನಾಗರಿಕ ಬಳಕೆಯ ಅಣುಶಕ್ತಿಯಲ್ಲಿ ಸಹಕಾರದ ಒಪ್ಪಂದ) ಬಗ್ಗೆ ಪಿಯುಸಿ ಮಕ್ಕಳಿಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಅಮೆರಿಕದ ಸೆನೆಟ್ ಒಪ್ಪಂದದ ಮೇಲೇ ಮತ ಹಾಕಿತು: 86-13. ನಮ್ಮ ಲೋಕಸಭೆಯಲ್ಲಿ 2008ರ ಜುಲೈ 22ರಂದು ನಡೆದದ್ದು ವಿಶ್ವಾಸಮತ. 275-256ರಲ್ಲಿ ಸರ್ಕಾರ ಉಳಿಯಿತು. ಒಪ್ಪಂದದ ಕಲಮುಗಳ ಮೇಲೆ ಮತ ಬೀಳಲೇ ಇಲ್ಲ. ಸಂವಿಧಾನದ 253ನೇ ವಿಧಿ ಒಪ್ಪಂದ ಜಾರಿಗೆ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಡುತ್ತದೆ, ಆದರೆ ಸಹಿಗೆ ಮೊದಲು ಸಂಸತ್ತಿನ ಒಪ್ಪಿಗೆ ಕಡ್ಡಾಯವಲ್ಲ. ಇಷ್ಟು ದೊಡ್ಡ ವಿಷಯವನ್ನು ಸಂಸದರು ಸಾಲು ಸಾಲಾಗಿ ಓದಿ ಪ್ರಶ್ನಿಸಬೇಕಿತ್ತು ಅಲ್ವಾ? ನನಗಂತೂ ಇದು ದೊಡ್ಡ ಕೊರತೆ ಅನ್ನಿಸುತ್ತದೆ.

ಆ ವಿಶ್ವಾಸಮತಕ್ಕಾಗಿ ಲೋಕಸಭೆಯಲ್ಲಿ ನಡೆದ ಎರಡು ದಿನದ ಚರ್ಚೆಯ ಕನ್ನಡ ಪತ್ರಿಕಾ ವರದಿಗಳು ಯಾರ ಬಳಿಯಾದರೂ ಇವೆಯಾ? ಫೋಟೋ ಕಳಿಸಿದರೂ ಸಾಕು. 253ನೇ ವಿಧಿಯನ್ನು ಸರಳವಾಗಿ ವಿವರಿಸಬಲ್ಲ ವಕೀಲರಿದ್ದರೆ ದಯವಿಟ್ಟು ಕೆಳಗೆ ಬರೆಯಿರಿ.