ಮೊದಲು ಗೇಜ್ ಹಾಕೋಣ, ಆಮೇಲೆ ಎಂಜಿನ್ ಬಿಚ್ಚೋ ಮಾತು

ದೊಡ್ಡಪ್ಪ: (ಫಾರ್ವರ್ಡ್ ಆದ ವಿಡಿಯೊ) ಎಲ್ಲರೂ ಪೂರ್ತಿ ನೋಡ್ರಿ. ಈ 20 ಪರ್ಸೆಂಟ್ ಎಥನಾಲ್ ಪೆಟ್ರೋಲ್ ಹಳೇ ಗಾಡಿಗೆ ಆಗಿಬರಲ್ಲ. ದಾವಣಗೆರೆಯಿಂದ ಚಿತ್ರದುರ್ಗಕ್ಕ ಹೋಗುವಾಗ ಅಪ್ಪನ ಪದ್ಮಿನಿ ಕಾರು ಭರಮಸಾಗರ ದಾಟಿ ಏರಿನಾಗ ಯಾಕ ನಿಂತಿತು ಅನ್ನೋದು ಇದರಾಗ ಐತಿ.

ಚಿಕ್ಕಪ್ಪ: ಪೆಟ್ರೋಲ್ ಅಲ್ಲಣ್ಣ, ಎಂಜಿನ್. ಆಮೇಲೆ ಹಾಕಿಸಿದ ಜಿಪ್ಸಿ ಎಂಜಿನ್ ಇಳಿಸಿ ಪದ್ಮಿನಿದೇ ಹಳೇ 1089 ಸಿಸಿ ಎಂಜಿನ್ ಕೂರಿಸ್ರಿ, ಶೆಡ್ಡಿನಾಗ ಬಿದ್ದೈತಿ. ಅದು ಇರೋತನಕ ಒಂದಿನಾನೂ ಏರಿನಾಗ ನಿಂತಿದ್ದಿಲ್ಲ.

ಅಣ್ಣ: ಅಷ್ಟೆಲ್ಲ ಯಾಕೆ ಚಿಕ್ಕಪ್ಪ? ಎಂಜಿನ್‌ಗೆ ಪೆಟ್ರೋಲ್ ಕಳಿಸೋ ಪಂಪ್ ಹೋಗಿರುತ್ತೆ. ಹೊಸದು ಆರ್ಡರ್ ಹಾಕ್ತೀನಿ, ದುಡ್ಡು ಎಲ್ಲರೂ ಹಂಚಿಕೊಳ್ಳೋಣ.

ನಾನು: ಅಣ್ಣ, ಆರ್ಡರ್ ಹಾಕಬೇಡ, ತಡಿ. ದೊಡ್ಡಪ್ಪ, ವಿಡಿಯೊ ಪೂರ್ತಿ ನೋಡಿದೆ. ಅದರಲ್ಲಿ ಒಂದು ಮಾತು ಖರೆ. ಎಥನಾಲ್ ಹಳೇ ರಬ್ಬರ್ ಪೈಪನ್ನ ಹಾಳು ಮಾಡುತ್ತೆ. ಟ್ಯಾಂಕ್ ಹತ್ತಿರ ಹಳೇ ಪೈಪ್ ತುಂಡು ಉಳಿದಿದ್ರೆ ಬದಲಾಯಿಸಲೇಬೇಕು, ಎಂಪಿಎಫ್‌ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸೋ ವ್ಯವಸ್ಥೆ, ಜಿಪ್ಸಿ ಎಂಜಿನ್‌ನದು) ಒತ್ತಡ ತಡೆಯೋ ಪೈಪೇ ಹಾಕಬೇಕು. ಆದ್ರೆ ಪೆಟ್ರೋಲಿನದೇ ತಪ್ಪಾಗಿದ್ರೆ ವಾಪಸ್ ಬರುವಾಗ ಯಾಕೆ ನಿಲ್ಲಲಿಲ್ಲ?

ದುರ್ಗದ ಅತ್ತೆ: ನಮ್ಮನೆಯಿಂದ ಹೊರಟಾಗ ನಿಮ್ಮ ಮಾವ ಇಲ್ಲೇ ಬಂಕಿನಾಗ ಟ್ಯಾಂಕ್ ಫುಲ್ ಮಾಡಿಸಿ ಕಳಿಸಿದ್ರಲ್ಲ.

ನಾನು: ಅತ್ತೆ, ಈ ಮಾತೇ ಬೇಕಿತ್ತು! ಹೋಗುವಾಗ ಮುಳ್ಳು ಕಾಲು ಟ್ಯಾಂಕ್ ತೋರಿಸ್ತಿತ್ತು. ಅಲ್ಲಿ ಹಾಕಿಸಿದ್ದೂ ಇದೇ ಥರದ ಪೆಟ್ರೋಲ್. ಗಾಡಿ ಗುಂಡಿನಂಗೆ ಬಂತು.

ಚಿಕ್ಕಪ್ಪ: ಹಂಗಾರ ಹಳೇ ಎಂಜಿನ್ ಕಾಲು ಟ್ಯಾಂಕಿನಾಗೂ ಹತ್ತುತಿತ್ತಲ್ಲ? ಟ್ಯಾಂಕ್ ಅದೇ ಐತಿ.

ನಾನು: ಚಿಕ್ಕಪ್ಪ, ಟ್ಯಾಂಕ್ ಅದೇ ಇರೋದೇ ತೊಂದರೆ. ಹಳೇ ಎಂಜಿನ್‌ಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡೋ ಕಾರ್ಬುರೇಟರ್ ಇತ್ತು. ಅದರ ಬೌಲ್‌ನಲ್ಲಿ ಒಂದಿಷ್ಟು ಪೆಟ್ರೋಲ್ ಯಾವಾಗಲೂ ನಿಂತಿರುತ್ತೆ. ಪಂಪ್ ಒಂದು ಗುಟುಕು ಗಾಳಿ ಎಳೆದ್ರೂ ಎಂಜಿನ್‌ಗೆ ಗೊತ್ತೇ ಆಗಲ್ಲ. ಆ ಪಂಪ್ ಕೊಡ್ತಿದ್ದ ಒತ್ತಡವೂ ಒಂದು ಬಾರ್‌ಗಿಂತ ಎಷ್ಟೋ ಕಮ್ಮಿ. ಜಿಪ್ಸಿಯ 1298 ಸಿಸಿ ಎಂಪಿಎಫ್‌ಐಗೆ 2.5ರಿಂದ 3 ಬಾರ್ ಆಸುಪಾಸು ಬೇಕು, ಅದೂ ಬಿಡದೆ. ಇಂಜೆಕ್ಟರ್ ಹಿಂದೆ ಬೌಲ್ ಇಲ್ಲ. ಗಾಳಿ ಬಂದ ಕೂಡಲೇ ಜರ್ಕ್, ಆಮೇಲೆ ಬಂದ್. ಎಂಪಿಎಫ್‌ಐ ಗಾಡಿಗಳ ಟ್ಯಾಂಕಲ್ಲಿ ಪಂಪ್ ಸುತ್ತ ಪೆಟ್ರೋಲ್ ಹಿಡಿದಿಡೋ ಬಟ್ಟಲಿನಂಥದ್ದು ಇರುತ್ತೆ. ನಮ್ಮದರಲ್ಲಿ ಇಲ್ಲ. ಕಾಲು ಟ್ಯಾಂಕ್ ಇದ್ದಾಗ ಏರಲ್ಲಿ, ತಿರುವಲ್ಲಿ ಪೆಟ್ರೋಲ್ ಒಂದು ಕಡೆ ವಾಲುತ್ತೆ, ಪೈಪ್ ಬಾಯಿ ಖಾಲಿ.

ಅಣ್ಣ: ಇದೂ ಊಹೆನೇ ಅಲ್ವಾ? ನಾನು ಪಂಪ್ ಅಂದೆ, ನೀನು ಟ್ಯಾಂಕ್ ಅಂತೀಯ.

ನಾನು: ಹೌದು, ಅದಕ್ಕೇ ಅಳೀಬೇಕು ಅನ್ನೋದು. ದಾವಣಗೆರೆಗಿಂತ ದುರ್ಗ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಹೋಗುವಾಗ ಎಂಜಿನ್ ಮೇಲೆ ಭಾರ ಜಾಸ್ತಿ, ಬರುವಾಗ ಕಮ್ಮಿ. ಪಂಪ್ ಸೋತಿದ್ರೂ, ಫಿಲ್ಟರ್‌ಗೆ ತುಕ್ಕು ಕಟ್ಟಿದ್ರೂ ಏರಲ್ಲೇ ಗೊತ್ತಾಗೋದು. ಫುಲ್ ಟ್ಯಾಂಕ್ ಉಳಿಸಿತೋ ಇಳಿಜಾರು ಉಳಿಸಿತೋ, ಕೂತಲ್ಲೇ ಹೇಳೋಕಾಗಲ್ಲ.

ಪ್ರೆಶರ್ ಗೇಜಿಗೆ ಉದ್ದ ಪೈಪ್ ಹಾಕಿ, ಬಾನೆಟ್ ಸಂದಿಯಿಂದ ತಂದು, ಮುಂದಿನ ಗಾಜಿನ ಹೊರಗಡೆ ಕಟ್ಟೋಣ. ಒಳಗೆ ತರೋ ಹಾಗೇ ಇಲ್ಲ, ಪೈಪಲ್ಲಿರೋದು ಪೆಟ್ರೋಲ್. ಆಕ್ಸಿಲರೇಟರ್ ಒತ್ತಿದಾಗ ಒತ್ತಡ ಸ್ವಲ್ಪ ಏರಬೇಕು, ಇಳೀಬಾರದು. ಮುಳ್ಳು ಕುಣಿದು ಬಿದ್ರೆ ಗಾಳಿ ಎಳೀತಿದೆ. ನಿಧಾನಕ್ಕೆ ಇಳಿದ್ರೆ ಪಂಪ್, ಫಿಲ್ಟರ್, ಇಲ್ಲಾಂದ್ರೆ ಟ್ಯಾಂಕಿನ ಗಾಳಿ ತೂತು ಮುಚ್ಚಿರೋದು. ಆಗ ಮುಚ್ಚಳ ತೆಗೀರಿ, ಬುಸ್ ಅಂತ ಗಾಳಿ ಒಳಗೆ ಹೋಗಿ ಗಾಡಿ ಸರಿಯಾದ್ರೆ ತೂತಿನದೇ ಕಥೆ. ಒತ್ತಡ ಕದಲದೇ ಎಂಜಿನ್ ನಿಂತ್ರೆ ಪೆಟ್ರೋಲ್ ಲೈನ್ ಬಿಟ್ಟು ಕಾಯಿಲ್, ಸೆನ್ಸರ್ ಕಡೆ ನೋಡಬೇಕು.

ಇನ್ನೊಂದು, ಅಣ್ಣ. ಪಂಪಿಗೆ ಕರೆಂಟ್ ಎಳೆದಿರೋದು ಹಳೇ ಫ್ಯೂಸ್ ಬಾಕ್ಸಿಂದ, ಸಣ್ಣ ವೈರಲ್ಲಿ. ಎಂಜಿನ್ ಓಡುವಾಗ ಬ್ಯಾಟರಿ ಹತ್ತಿರ 14 ವೋಲ್ಟ್ ಇದ್ದು ಪಂಪ್ ಹತ್ತಿರ 11 ಸಿಕ್ಕರೆ ಹೊಸ ಪಂಪ್ ಹಾಕಿದ್ರೂ ಅದೇ ಹಾಡು. ರಿಲೇ ಹಾಕಿ ದಪ್ಪ ವೈರ್ ಎಳೆದ್ರೆ, ಅರ್ಥಿಂಗ್ ಉಜ್ಜಿ ಕೂರಿಸಿದ್ರೆ ಮುಗೀತು. ಪಂಪಿನ ದುಡ್ಡಲ್ಲಿ ಕಾಲು ಭಾಗವೂ ಬೇಡ.

ಚಿಕ್ಕಪ್ಪ: ಗಾಳಿ ಎಳೀತೈತಿ ಅಂತಾದ್ರ ಏನ್ ಮಾಡ್ತಿ? ಹೊಸ ಟ್ಯಾಂಕಾ?

ನಾನು: ಬೇಡ. ನಡುವೆ ಒಂದು ಸಣ್ಣ ಸರ್ಜ್ ಟ್ಯಾಂಕ್ ಸಾಕು. ಹಳೇ ಟ್ಯಾಂಕಿಂದ ಕಮ್ಮಿ ಒತ್ತಡದ ಪಂಪ್ ಅದನ್ನ ತುಂಬುತ್ತೆ, ಅಲ್ಲಿಂದ ಎಂಪಿಎಫ್‌ಐ ಪಂಪ್ ಎಳೆಯುತ್ತೆ. ಅಜ್ಜನ ಟ್ಯಾಂಕಿಗೆ ಕಟರ್ ಹಚ್ಚೋದೂ ತಪ್ಪುತ್ತೆ.

ಚಿಕ್ಕಪ್ಪ: ಆತು, ಅಳದು ನೋಡು. ಗೇಜ್ ಸರಿ ತೋರಿಸಿದ ಮ್ಯಾಲೂ ನಿಂತ್ರ ನನ್ನ ಮಾತು ಕೇಳಬೇಕು.

ದೊಡ್ಡಪ್ಪ: ಭಾನುವಾರ ಮುಂಜಾನಿ ಹೋಗಿ ಬರೋಣ. ನಾನೂ ಬರ್ತೀನಿ. ಟ್ಯಾಂಕ್ ತುಂಬಿಸಿ ಇಟ್ಟಿರ್ತೀನಿ.

ನಾನು: ದೊಡ್ಡಪ್ಪ, ದಯವಿಟ್ಟು ತುಂಬಿಸಬೇಡಿ! ಈಗಿರೋದನ್ನ ಊರೊಳಗೆ ಓಡಿಸಿ ಕಾಲು ಟ್ಯಾಂಕಿಗೆ ಇಳಿಸಿ. ಅವತ್ತು ನಿಂತ ಸ್ಥಿತಿಯಲ್ಲೇ, ಅದೇ ಏರಲ್ಲಿ ಓಡಿಸಬೇಕು. ಡಿಕ್ಕಿಯಲ್ಲಿ ಅಗ್ನಿಶಾಮಕ ಸಿಲಿಂಡರ್ ಇರಲಿ, ಕ್ಯಾನಲ್ಲಿ ಪೆಟ್ರೋಲ್ ಒಯ್ಯೋದು ಬೇಡ. ಭರಮಸಾಗರದಲ್ಲೇ ಬಂಕ್ ಸಿಗುತ್ತೆ.